ವಾಕ್ಸಹ್ಯಾಚಿಯಲ್ಲಿ ಮಾವನವರ ಇನ್‌ಸ್ಪೆಕ್ಷನ್

ಕಟ್ಟಡ ನೋಡುವುದು ಬೇರೆ, ಕಟ್ಟಡದ ಇನ್‌ಸ್ಪೆಕ್ಷನ್ ಮಾಡುವುದು ಬೇರೆ. ಇದನ್ನು ನಮ್ಮ ಮಾವನವರಿಗೆ ಯಾರಾದರೂ ಹೇಳಬೇಕು. ನಾನು ಹೇಳುವ ಹಾಗಿಲ್ಲ, ಸೊಸೆ. ಇವರು ಹೇಳುವುದಿಲ್ಲ, ಮಗ. ಅತ್ತೆ ಹೇಳಿ ಹೇಳಿ ಸಾಕಾಗಿ ಯಾವ ಕಾಲಕ್ಕೋ ಬಿಟ್ಟಿದ್ದಾರೆ. ಹಾಗಾಗಿ ಕಳೆದ ಶನಿವಾರ ಟೆಕ್ಸಸ್‌ನ ಒಂದು ಪುಟ್ಟ ಊರಿನಲ್ಲಿ, ನೂರು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಿನಲ್ಲಿ, ಏನೂ ಪಾಪ ಮಾಡದ ಒಂದಷ್ಟು ಅಮೆರಿಕನ್ನರು ನಮ್ಮ ದೆಸೆಯಿಂದ ನಿಂತಲ್ಲೇ ಬೆಂದುಹೋದರು. ನನ್ನ ಬೆವರುಸಾಲೆ ಇಳಿದಿದೆ. ಸಿಟ್ಟು ಇನ್ನೂ ಇಳಿದಿಲ್ಲ.

ಡಲ್ಲಾಸ್ ಕಡೆ ಇರುವವರಿಗೆ ಈ ಕಷ್ಟ ಗೊತ್ತು. ಊರಿನಿಂದ ಹಿರಿಯರು ಬಂದರೆ ಮೊದಲ ವಾರ ಫ್ರಿಸ್ಕೋದ ಹನುಮಂತನ ಗುಡಿ, ಕಾಸ್ಟ್‌ಕೋ ಅಂಗಡಿ. ಎರಡನೇ ವಾರ ಕೆನಡಿಗೆ ಗುಂಡು ಬಿದ್ದ ಜಾಗ. ಮೂರನೇ ವಾರ ಹ್ಯೂಸ್ಟನ್ನಿನ ನಾಸಾ. ನಾಲ್ಕನೇ ವಾರಕ್ಕೆ ನಮ್ಮ ಸ್ಟಾಕ್ ಖಾಲಿ. ಅವರು ಮಾತ್ರ ಆರು ತಿಂಗಳು ಇರುತ್ತಾರೆ. ಮಾವ ಬೆಳಿಗ್ಗೆ ಎದ್ದು ಗರಾಜಿನ ಬಾಗಿಲು ತೆಗೆದು ರಸ್ತೆ ನೋಡುತ್ತಾ ನಿಲ್ಲುತ್ತಾರೆ. ಈ ಊರಿನ ರಸ್ತೆಯಲ್ಲಿ ಮಾತಾಡಿಸೋಕೆ ಒಂದು ಬೀದಿನಾಯಿಯೂ ಇಲ್ಲ.

ರಸ್ತೆ ಬೇಜಾರಾದರೆ ಗೋಡೆ. ಮಾವ ಪಿಡಬ್ಲ್ಯೂಡಿ ಇಂಜಿನಿಯರ್ ಆಗಿ ದಾವಣಗೆರೆಯಲ್ಲಿ ರಿಟೈರ್ ಆದವರು. ಯಾವ ಗೋಡೆ ಕಂಡರೂ ತೋರುಬೆರಳು ಮಡಿಸಿ, ಗೆಣ್ಣಿನಿಂದ ಟೊಕ್ ಟೊಕ್ ಟೊಕ್ ಅಂತ ಬಡಿಯುತ್ತಾರೆ. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ, ಮೂಲೆ ನೆಟ್ಟಗಿದೆಯಾ ನೋಡುತ್ತಾರೆ. ಬಂದ ದಿನವೇ ನಮ್ಮ ಮನೆಯ ಹಾಲಿನಲ್ಲಿ ಬಡಿದರು. ಇಲ್ಲಿನ ಗೋಡೆ ಗೊತ್ತಲ್ಲ, ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದಿರುತ್ತಾರೆ. ಡಬ್ ಡಬ್ ಅಂತು. ಮಾವ ಕೈ ಹಿಂದಕ್ಕೆ ತೆಗೆದುಕೊಂಡು ಮಗನ ಮುಖ ನೋಡಿದರು. “ಏನೋ ಇದು, ರಟ್ಟು! ಇದಕ್ಕೆ ಮೂವತ್ತು ವರ್ಷದ ಸಾಲ ಮಾಡಿದ್ಯಾ?” ಅಂದಿನಿಂದ ಇವರು ಅಪ್ಪನ ಎದುರು ಹಾಲಿನಲ್ಲಿ ಜಾಸ್ತಿ ಕೂರುವುದಿಲ್ಲ.

ಇಂಥ ಮನುಷ್ಯರಿಗೆ ಒಂದು ಗಟ್ಟಿ ಕಲ್ಲಿನ ಕಟ್ಟಡ ತೋರಿಸಿಬಿಡೋಣ ಅಂತಲೇ ವಾಕ್ಸಹ್ಯಾಚಿಗೆ ಹೊರಟಿದ್ದು. ಡಲ್ಲಾಸ್‌ನಿಂದ ದಕ್ಷಿಣಕ್ಕೆ ಸುಮಾರು 50 ಕಿ.ಮೀ. ಎಲ್ಲಿಸ್ ಕೌಂಟಿಯ ಮುಖ್ಯ ಊರು, ನಮ್ಮಲ್ಲಿ ಜಿಲ್ಲಾ ಕೇಂದ್ರ ಇದ್ದ ಹಾಗೆ. ಟೆಕ್ಸಸ್‌ನಲ್ಲಿ ಕೌಂಟಿಗಳು 254. ಹೆಚ್ಚಿನ ಕಡೆ ಒಂದೇ ನಕ್ಷೆ: ಊರ ನಡುವೆ ಕೋರ್ಟ್‌ಹೌಸ್, ಅದರ ಸುತ್ತ ಚೌಕ, ಚೌಕದ ಸುತ್ತ ಹಳೇ ಅಂಗಡಿಗಳ ಸಾಲು. ಆ ಶನಿವಾರ ಹಳೇ ಕಟ್ಟಡಗಳನ್ನು ನಡೆದುಕೊಂಡೇ ನೋಡುವ ಟೂರ್ ಇತ್ತು. ತೋರಿಸುವವರು ರಿಟೈರ್ ಆದ ಒಬ್ಬ ಟೀಚರಮ್ಮ. ದೊಡ್ಡ ಹ್ಯಾಟು, ಕೈಯಲ್ಲೊಂದು ಬೀಸಣಿಗೆ, ಮುಖದಲ್ಲಿ ಎಂಥ ಹುಡುಗರನ್ನೂ ಸಂಭಾಳಿಸಿದ ಕಳೆ.

ಚೌಕದಲ್ಲಿ ಮೊದಲು ತೋರಿಸಿದ್ದು ರೋಜರ್ಸ್ ಹೋಟೆಲ್. 1913ರ ಹೊತ್ತಿಗೆ ಕಟ್ಟಿದ್ದು. ಈ ಊರಿಗೆ ನೆಲೆ ಹಾಕಿದ ಎಮೊರಿ ರೋಜರ್ಸ್ ಅವರ ಮರದ ಮನೆ ಮೊದಲು ಇದ್ದದ್ದು ಅದೇ ಜಾಗದಲ್ಲಿ ಅಂತ ಟೀಚರಮ್ಮ ಹೇಳುತ್ತಿದ್ದರು. ಅಷ್ಟರಲ್ಲಿ ಟೊಕ್ ಟೊಕ್ ಟೊಕ್. ಗುಂಪೆಲ್ಲ ತಿರುಗಿ ನೋಡಿತು. ಮಾವ ಹೋಟೆಲಿನ ಇಟ್ಟಿಗೆಗೆ ಕಿವಿ ಕೊಟ್ಟು ನಿಂತಿದ್ದರು. “ಪಾಯಿಂಟಿಂಗ್ ಪರವಾಗಿಲ್ಲ. ಕ್ಯೂರಿಂಗ್ ಎಷ್ಟು ದಿನ ಮಾಡಿದ್ರು ಕೇಳಮ್ಮಾ.” ಪಾಯಿಂಟಿಂಗ್ ಅಂದರೆ ಇಟ್ಟಿಗೆ ಸಂದಿಗೆ ತುಂಬುವ ಗಾರೆ, ಕ್ಯೂರಿಂಗ್ ಅಂದರೆ ಅದಕ್ಕೆ ನೀರುಣಿಸುವುದು.

ಮಾವನವರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಸರ್ವೀಸಿನುದ್ದಕ್ಕೂ ಕಾಗದಪತ್ರ ಬರೆದದ್ದೇ ಇಂಗ್ಲಿಷಿನಲ್ಲಿ. ಆದರೂ ‘ಇವರ ಉಚ್ಚಾರ ನನಗೆ ಹಿಡಿಸಲ್ಲ’ ಅಂತ ಎಲ್ಲ ಪ್ರಶ್ನೆಯನ್ನೂ ನನ್ನ ಕೈಲೇ ಕೇಳಿಸುತ್ತಾರೆ. ಇವರು ಇಂಥ ಹೊತ್ತಿಗೆ ಸರಿಯಾಗಿ ಕಾರಿಗೆ ಪಾರ್ಕಿಂಗ್ ಹುಡುಕಲು ಹೋಗಿರುತ್ತಾರೆ. ಖಾಲಿ ಬಿದ್ದ ಊರಿನಲ್ಲಿ ಅಷ್ಟು ಹೊತ್ತು ಪಾರ್ಕಿಂಗ್ ಹುಡುಕುವುದಕ್ಕೂ ಪ್ರತಿಭೆ ಬೇಕು.

ಕೇಳಿದೆ. ಟೀಚರಮ್ಮ ನಕ್ಕು “ಗ್ರೇಟ್ ಕ್ವಶ್ಚನ್!” ಅಂದರು. ಅಲ್ಲಿಗೆ ನನ್ನ ಕಥೆ ಮುಗಿಯಿತು. ಈ ದೇಶದಲ್ಲಿ ಬಚ್ಚಲುಮನೆ ಎಲ್ಲಿ ಅಂತ ಕೇಳಿದರೂ ‘ಗ್ರೇಟ್ ಕ್ವಶ್ಚನ್’ ಅಂತಾರೆ ಅಂತ ನಮಗೆ ಗೊತ್ತು. ಮಾವ ಅದನ್ನು ನಿಜ ಅಂತ ನಂಬಿಬಿಟ್ಟರು. ಚೌಕದ ಮುಂದಿನ ಪ್ರತಿ ಅಂಗಡಿಗೂ ಒಂದೊಂದು ಗ್ರೇಟ್ ಕ್ವಶ್ಚನ್ ರೆಡಿಯಾಯಿತು. ಪ್ಲಿಂತ್ ಎಷ್ಟು? ಮಳೆನೀರು ಎಲ್ಲಿಗೆ ಹೋಗುತ್ತೆ? ಕಬ್ಬಿಣದ ಕಂಬಕ್ಕೆ ಎಷ್ಟು ವರ್ಷಕ್ಕೊಮ್ಮೆ ಪೇಂಟು? ಅತ್ತೆ ಇದಾವುದಕ್ಕೂ ತಲೆಕೆಡಿಸಿಕೊಳ್ಳದೆ ಒಂದು ಮರದ ನೆರಳು ಹಿಡಿದರು. ಅದು ಕ್ರೇಪ್ ಮರ್ಟಲ್. ಟೆಕ್ಸಸ್‌ನಲ್ಲಿ ಕ್ರೇಪ್ ಮರ್ಟಲ್‌ಗೆ ರಾಜಧಾನಿ ಅಂದರೆ ಈ ಊರೇ ಅಂತೆ. “ಇದು ನಮ್ಮ ಹೊಳೆದಾಸವಾಳದ ಜಾತಿ ಅಲ್ವೇನೇ?” ಅಂದರು ಅತ್ತೆ. ನಿಜ, ಎರಡೂ ಒಂದೇ ಕುಲದವು. ಅವರು ಬ್ಯಾಗಿನಿಂದ ಜಿಪ್ ಕವರ್ ತೆಗೆದು, ಊರಿಂದ ತಂದ ಖಾರ ಮಂಡಕ್ಕಿ ತಿನ್ನುತ್ತಾ ಕುಳಿತರು.

ಆಮೇಲೆ ಬಂತು ಕೋರ್ಟ್‌ಹೌಸ್. 1897ರಲ್ಲಿ ಮುಗಿದದ್ದು. ನಕ್ಷೆ ಜೆ. ರೈಲಿ ಗಾರ್ಡನ್ ಅವರದ್ದು. ಟೆಕ್ಸಸ್‌ನಲ್ಲಿ ಇಂಥ ಒಂದು ಡಜನ್‌ಗೂ ಹೆಚ್ಚು ಕೋರ್ಟ್‌ಹೌಸ್ ಮಾಡಿದ ಮಹಾನುಭಾವ. ಕೆಂಪು ಮರಳುಗಲ್ಲು, ನಸುಗೆಂಪು ಗ್ರಾನೈಟ್, ದಪ್ಪ ಕಮಾನು, ಗೋಪುರದ ಮೇಲೆ ಗಡಿಯಾರ. ಮಾವ ತಲೆ ಎತ್ತಿದವರು ಸ್ವಲ್ಪ ಹೊತ್ತು ಇಳಿಸಲೇ ಇಲ್ಲ. ಗ್ರಾನೈಟ್ ಬಡಿದರು. ಕಲ್ಲು ಸದ್ದೇ ಮಾಡಲಿಲ್ಲ. ಗೆಣ್ಣು ಸವರಿಕೊಳ್ಳುತ್ತಾ, “ಇದು ಕೆಲಸ” ಅಂದರು. ನನಗೆ ಹೋದ ಜೀವ ಬಂತು. ಬಹಳ ಹೊತ್ತು ಉಳಿಯಲಿಲ್ಲ.

ಈ ಕೋರ್ಟ್‌ಹೌಸಿಗೆ ಒಂದು ಕಥೆ ಇದೆ, ಟೂರಿನ ಜೀವವೇ ಅದು. ಕಟ್ಟುವ ಕಾಲಕ್ಕೆ ಹ್ಯಾರಿ ಹರ್ಲಿ ಅನ್ನುವ ಕಲ್ಲುಕುಟಿಗ ಬಂದನಂತೆ. ಅವನಿದ್ದ ಬೋರ್ಡಿಂಗ್ ಮನೆಯಲ್ಲಿ ಮೇಬಲ್ ಫ್ರೇಮ್ ಅಂತ ಒಬ್ಬ ಹುಡುಗಿ. ಇವನು ಮನಸೋತ. ಬಾಗಿಲ ಕಂಬದ ತಲೆಯ ಮೇಲೆ ಅವಳ ಮುಖವನ್ನೇ ಕೆತ್ತಿದ, ಚೆಂದಕ್ಕೆ. ಅವಳು ಸೊಪ್ಪು ಹಾಕಲಿಲ್ಲ. ಮುಂದಿನ ಕಂಬಕ್ಕೆ ಮುಖ ಸ್ವಲ್ಪ ಸಪ್ಪಗಾಯಿತು. ಅದರ ಮುಂದಿನದು ಗಂಟುಮುಖ. ಅವಳು ಪೂರ್ತಿ ಬೇಡ ಅಂದ ಮೇಲೆ ಬಂದದ್ದು ಹಲ್ಲು ಕಿರಿದ ರಾಕ್ಷಸಿ. ಮುಖಗಳೇನೋ ನಿಜವಾಗಿ ಅಲ್ಲಿವೆ, ಚೆಂದದ್ದೂ ವಿಕಾರದ್ದೂ. ಟೀಚರಮ್ಮ ದನಿ ತಗ್ಗಿಸಿ, ಬೀಸಣಿಗೆಯಿಂದ ಒಂದೊಂದನ್ನೇ ತೋರಿಸುತ್ತಿದ್ದರು. ಗುಂಪಿನಲ್ಲಿದ್ದ ಹೊಸ ಜೋಡಿಯೊಂದು ಕೈ ಕೈ ಹಿಡಿದುಕೊಂಡಿತು.

“ಎಂ.ಬಿ.ಯಲ್ಲಿ ಇದನ್ನ ಹೇಗೆ ಬರೆದ್ರು?” ಅಂದರು ಮಾವ.

ಎಂ.ಬಿ. ಅಂದರೆ ಮೆಷರ್‌ಮೆಂಟ್ ಬುಕ್, ಅಳತೆ ಪುಸ್ತಕ. ಕಂಟ್ರಾಕ್ಟರನ ಬಿಲ್ಲು ಆಗುವುದು ಅದನ್ನು ನೋಡಿಯೇ. ಪಿಡಬ್ಲ್ಯೂಡಿಯವರ ಪ್ರಕಾರ ಅದರಲ್ಲಿ ಬರೆಯದ ಕೆಲಸ ಭೂಮಿಯ ಮೇಲೆ ಇಲ್ಲ.

“ಮಾವ, ಅದು ಸುಮ್ನೆ ಕಥೆ.”

“ಕಥೆ ಇರ್ಲಮ್ಮಾ. ಮೊದಲನೇ ಮುಖ ಸ್ಯಾಂಕ್ಷನ್ ಆದ ಡ್ರಾಯಿಂಗ್ ಪ್ರಕಾರ ಅನ್ನು. ಎರಡನೇದು ಡೀವಿಯೇಷನ್. ಮೂರನೇದಕ್ಕೆ ಇಂಜಿನಿಯರ್ ನೋಟೀಸ್ ಕೊಡಬೇಕಿತ್ತು. ಕೊಟ್ಟಿದ್ದಾನಾ ಕೇಳು.”

“ಅವನು ಪ್ರೀತಿ ಮಾಡಿದ್ದ ಮಾವ.”

“ಪ್ರೀತಿ ಅವನ ಸ್ವಂತದ್ದು ಕಣಮ್ಮಾ. ಕಲ್ಲು ಸರ್ಕಾರದ್ದು.”

ಗುಂಪು ಕಾಯುತ್ತಿತ್ತು. ಟೀಚರಮ್ಮ ಹುಬ್ಬೇರಿಸಿ ನನ್ನನ್ನೇ ನೋಡುತ್ತಿದ್ದರು. ಬಿಸಿಲು ನೆತ್ತಿಯ ಮೇಲೆ. ಕಂಟ್ರಾಕ್ಟರನ ಬಿಲ್ಲು, ಒಪ್ಪಿಗೆ ಇಲ್ಲದ ವಿಕಾರ ಮುಖ, ಇಂಜಿನಿಯರನ ನೋಟೀಸು, ಇಷ್ಟನ್ನೂ ನಾನು ಆ ಹೊಸ ಜೋಡಿಯ ಎದುರು ಇಂಗ್ಲಿಷಿನಲ್ಲಿ ಹೇಳಿದೆ. ನಾಚಿಕೆಗೆ ಕಿವಿ ಬಿಸಿಯಾಗಿತ್ತು. ಮಾವ ಪಕ್ಕದಲ್ಲಿ ನಿಂತು, “ಆಡಿಟ್ ಆಬ್ಜೆಕ್ಷನ್ ಬಂತಾ ಅನ್ನೋದನ್ನೂ ಸೇರಿಸು” ಅಂದರು. ಅದನ್ನೂ ಸೇರಿಸಿದೆ. “ಪ್ರತಿ ಮುಖಕ್ಕೂ ಒಂದೇ ರೇಟಾ, ವಿಕಾರದ್ದಕ್ಕೆ ಕಡಿಮೆಯಾ?” ಸೇರಿಸಿದೆ. ಯಾರೋ ಹಿಂದಿನಿಂದ ನೀರಿನ ಬಾಟಲಿ ತೆಗೆದ ಸದ್ದು ಕೇಳಿಸಿತು.

ಈ ಸಲ ಟೀಚರಮ್ಮ ‘ಗ್ರೇಟ್ ಕ್ವಶ್ಚನ್’ ಅನ್ನಲಿಲ್ಲ. ಬೀಸಣಿಗೆ ಮಡಚಿದರು. ಇತಿಹಾಸ ಕೆದಕಿದವರು ಈ ಕಥೆಯನ್ನು ಒಪ್ಪುವುದಿಲ್ಲ, ಹರ್ಲಿ ಇದೇ ಊರಿನಲ್ಲಿ ಬೇರೆ ಹುಡುಗಿಯನ್ನು ಮದುವೆಯಾದನಂತೆ, ಆದರೆ ಜನಕ್ಕೆ ಕಥೆ ಇಷ್ಟ, ಅದಕ್ಕೆ ಹೇಳುತ್ತೇವೆ ಅಂದರು. ಗುಂಪಿನ ಮುಖಗಳೂ ಕಂಬದ ಮೇಲಿನ ಮುಖಗಳ ಹಾಗೆ ಒಂದೊಂದಾಗಿ ಇಳಿದವು. ಹೊಸ ಜೋಡಿ ಕೈ ಬಿಟ್ಟಿತು. ಮಾವ ಮಾತ್ರ ಗೆದ್ದ ಕೇಸಿನ ವಕೀಲರಂತೆ ಅಂಗಿಯ ತೋಳು ಸರಿಮಾಡಿಕೊಂಡರು. “ನೋಡಿದ್ಯಾ? ಬಿಲ್ಲು ಕೇಳಿದ್ರೆ ಎಲ್ಲಾ ಹೊರಗೆ ಬರುತ್ತೆ.”

ಗೆಟ್ಜೆಂಡಾನರ್ ಪಾರ್ಕಿನಲ್ಲಿ 1902ರ ಎಂಟು ಮೂಲೆಯ ಮರದ ಸಭಾಂಗಣ ಇದೆ, ಊರೂರು ತಿರುಗುವ ಭಾಷಣಕಾರರಿಗಾಗಿ ಕಟ್ಟಿದ್ದು. ಅಲ್ಲಿ ಏನಾಯಿತು ಅಂತ ಬರೆಯುವುದಿಲ್ಲ. ಅಲ್ಲಿ ಮೂಲೆಗಳು ಎಂಟು, ಅಷ್ಟೂ ನೆಟ್ಟಗಿವೆಯಾ ಅಂತ ನೋಡಿದ್ದಾಯಿತು, ಅಷ್ಟು ಸಾಕು.

ವಾಪಸ್ ಚೌಕಕ್ಕೆ ಬಂದಾಗ ಅತ್ತೆ ಮಂಡಕ್ಕಿ ಕವರ್ ಮುಂದೆ ಹಿಡಿದರು. ಈ ಕಲ್ಲೆಲ್ಲ ಹತ್ತಿಯ ದುಡ್ಡಿನಲ್ಲಿ ಎದ್ದದ್ದು, ಒಂದು ಕಾಲಕ್ಕೆ ಈ ಕೌಂಟಿ ಹತ್ತಿಗೆ ಹೆಸರುವಾಸಿ ಅಂತ ಟೀಚರಮ್ಮ ಹೇಳಿದ್ದರು. ಮಾವ ಅದನ್ನೇ ಮೆಲುಕು ಹಾಕುತ್ತಿದ್ದರು. “ನಮ್ಮಲ್ಲೂ ಹತ್ತಿ ಇತ್ತು. ಗಿರಣಿ ಇತ್ತು. ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ರು. ಗಿರಣಿ ಮುಚ್ಚಿದ್ರು, ಬೆಣ್ಣೆದೋಸೆ ಉಳೀತು. ದಾವಣಗೆರೆ ಜಿಲ್ಲೆ ಆಗಿದ್ದೇ 1997ರಲ್ಲಿ. ಇವರು ಅದಕ್ಕೆ ಸರಿಯಾಗಿ ನೂರು ವರ್ಷ ಮೊದಲು ಕೋರ್ಟ್ ಕಟ್ಟಿ ಮುಗಿಸಿದ್ದಾರೆ.” ಇಂಥ ಹಳೇ ಕೋರ್ಟ್‌ಹೌಸ್‌ಗಳ ದುರಸ್ತಿಗೆ ಟೆಕ್ಸಸ್ ಸರ್ಕಾರ 1999ರಿಂದ ದುಡ್ಡು ಕೊಡುತ್ತಿದೆ, ಇದಕ್ಕೂ ಸಿಕ್ಕಿದೆ ಅಂತ ನಾನು ಹೇಳಿದೆ. ಮಾವ ಒಂದು ಮುಷ್ಟಿ ಮಂಡಕ್ಕಿ ಹಾಗೇ ಹಿಡಿದುಕೊಂಡರು. “ನಾನು ಕಟ್ಟಿಸಿದ ತಾಲ್ಲೂಕು ಕಚೇರಿ ಹೋದ ವರ್ಷ ಕೆಡವಿದ್ರು. ಮೂವತ್ತು ವರ್ಷದ ಮೇಲೆ ಸ್ವಲ್ಪ ಆಗಿತ್ತು, ಅಷ್ಟೇ.”

“ಸೋರ್ತಿತ್ತಾ ಮಾವ?”

“ಸೋರ್ತಾನೂ ಇರ್ಲಿಲ್ಲ.”

ಅಷ್ಟು ಹೊತ್ತಿಗೆ ಇವರು ಬಂದರು, ಕೈಯಲ್ಲಿ ಐಸ್‌ಕ್ರೀಮ್ ಹಿಡಿದುಕೊಂಡು. ಪಾರ್ಕಿಂಗ್ ಸಿಕ್ಕಿತಂತೆ.

ಟೀಚರಮ್ಮ ಬೀಳ್ಕೊಡಲು ನಮ್ಮ ಬೆಂಚಿನ ಹತ್ತಿರವೇ ಬಂದರು. ಕಟ್ಟಡದ ಬಗ್ಗೆ ಇಷ್ಟು ಆಸಕ್ತಿ ಇರುವವರಿಗೆ ಇನ್ನೊಂದು ವಿಷಯ ಹೇಳಬೇಕು ಅಂದರು. ಈ ಊರನ್ನು ಬಳಸಿ ಭೂಮಿಯೊಳಗೆ 87 ಕಿ.ಮೀ. ಸುತ್ತಳತೆಯ ಸುರಂಗ ತೋಡುವ ಯೋಜನೆ ಇತ್ತು. ಸೂಪರ್‌ಕಂಡಕ್ಟಿಂಗ್ ಸೂಪರ್ ಕೊಲೈಡರ್. ಪ್ರೋಟಾನುಗಳನ್ನು ಓಡಿಸಿ ಡಿಕ್ಕಿ ಹೊಡೆಸುವ ಯಂತ್ರ. ಸುಮಾರು 23 ಕಿ.ಮೀ. ತೋಡಿದರು, 200 ಕೋಟಿ ಡಾಲರ್ ಖರ್ಚಾಯಿತು, 1993ರ ಅಕ್ಟೋಬರಿನಲ್ಲಿ ಅಮೆರಿಕದ ಸಂಸತ್ತು ನಿಲ್ಲಿಸಿಬಿಟ್ಟಿತು.

ಮಾವ ಎದ್ದು ನಿಂತರು. ಉಚ್ಚಾರ ಪೂರ್ತಿ ಹಿಡಿಸಿತ್ತು. ಒರಿಜಿನಲ್ ಎಸ್ಟಿಮೇಟ್ ಎಷ್ಟು ಅಂತ ತಾವೇ ಇಂಗ್ಲಿಷಿನಲ್ಲಿ ಕೇಳಿದರು. 440 ಕೋಟಿ ಡಾಲರ್. ನಿಲ್ಲಿಸುವಾಗ? ಹತ್ತಿರ ಹತ್ತಿರ 1200 ಕೋಟಿ. “ರಿವೈಸ್ಡ್ ಎಸ್ಟಿಮೇಟ್!” ಅಂದರು ಮಾವ. ಈ ದೇಶಕ್ಕೆ ಬಂದ ಮೇಲೆ ಅವರ ಮುಖದಲ್ಲಿ ಅಷ್ಟು ಸಂತೋಷ ನಾನು ಕಂಡಿರಲಿಲ್ಲ. ನಯಾಗರ ನೋಡಿದಾಗಲೂ ಇಲ್ಲ, ಮೊಮ್ಮಗಳು ಶ್ಲೋಕ ಹೇಳಿದಾಗಲೂ ಇಲ್ಲ. ಕಾರಿನಲ್ಲಿ ದಾರಿಯುದ್ದಕ್ಕೂ ಅದೇ ಮಾತು. ನಮಗೆ ರಾತ್ರಿಯಾಗಿ ದಾವಣಗೆರೆಯಲ್ಲಿ ಬೆಳಗಾಗುತ್ತಲೇ ಅಲ್ಲಿದ್ದ ಹಳೇ ಸಹೋದ್ಯೋಗಿಯನ್ನು ಫೋನಿನಲ್ಲಿ ಎಬ್ಬಿಸಿ, “ಇಲ್ಲೂ ಹಿಂಗೇ ಕಣ್ರೀ!” ಅಂತ ಮನೆ ಹಾರಿಹೋಗುವಂತೆ ನಕ್ಕರು.

ಈಗ ಆ ಸುರಂಗ ತೋರಿಸಿ ಅಂತ ಹಟ. ಅಲ್ಲಿ ನೋಡೋಕೆ ಏನೂ ಇಲ್ಲ ಮಾವ, ಇಳಿಯುವ ಬಾವಿಗಳನ್ನೆಲ್ಲ ಮುಚ್ಚಿದ್ದಾರೆ ಅಂದೆ. ಮಾವ ಪೇಪರ್ ಕೆಳಗಿಟ್ಟರು.

“ಮುಚ್ಚೋಕೆ ಬೇರೆ ಟೆಂಡರ್ ಕರೆದ್ರಂತಾ?”