ಬಿಸ್ಕೆಟ್ ಬಣ್ಣ ಕೇಳಿದೆ, ಹಲ್ಲುಪುಡಿ ಬಣ್ಣ ಬಳಿದು ಹೋದರು

ಬೆಳಗ್ಗೆ ಹಾಲು ತಂದು ವಾಪಸ್ ಬರುವಾಗ ತಲೆ ಎತ್ತದೆ ಗೇಟಿನೊಳಗೆ ಹೋಗುವುದು ಈಗ ಅಭ್ಯಾಸ ಆಗಿಬಿಟ್ಟಿದೆ. 20 ವರ್ಷ ಬಾಡಿಗೆ ಮನೆಗಳಲ್ಲಿ ಸವೆದು, ಸಾಲ ಮಾಡಿ, ತುಮಕೂರಿನಲ್ಲಿ ಮೂವತ್ತು ನಲವತ್ತರ ಸೈಟಿನಲ್ಲಿ ಕಟ್ಟಿಸಿದ ಸ್ವಂತ ಮನೆ ಅದು. ಅದರ ಮುಖ ನೋಡಿದರೆ ನನಗೆ ಮೈ ಉರಿಯುತ್ತದೆ.

ನಾನು ಕೇಳಿದ್ದು ದೊಡ್ಡದೇನಲ್ಲ. ಕೆಳಗಡೆ ಮೂರಡಿ ಬೂದು ಬಣ್ಣದ ಸಾದರಹಳ್ಳಿ ಕಲ್ಲು, ಮೇಲೆಲ್ಲ ತಿಳಿ ಬಿಸ್ಕೆಟ್ ಬಣ್ಣ. ಅಷ್ಟೇ. ಮಳೆ ಹೊಡೆದರೆ ಕೆಸರು ಸಿಡಿಯುವುದು ಕೆಳಗಿನ ಆ ಎರಡು ಮೂರು ಅಡಿಗೇ ಅಲ್ವಾ? ಅಲ್ಲಿ ಕಲ್ಲಿದ್ದರೆ ಒಂದು ಬಕೆಟ್ ನೀರು ಎರಚಿದರೆ ಮುಗಿಯಿತು.

ಆದರೆ ಕೇಳುವವರು ಯಾರು? ಭಾವಮೈದುನ ಯಾರ ಹತ್ತಿರವೋ ತ್ರೀಡಿ ಎಲಿವೇಶನ್, ಅಂದರೆ ಮನೆಯ ಮುಂಭಾಗ ಹೇಗೆ ಕಾಣುತ್ತೆ ಅನ್ನೋ ಕಂಪ್ಯೂಟರ್ ಚಿತ್ರ, ಮಾಡಿಸಿ ವಾಟ್ಸಾಪಿಗೆ ಹಾಕಿದ. ಅದರಲ್ಲಿ ನಮ್ಮ ಮನೆ ಮುಂದೆ ಬಿಳಿ ಕಾರು, ಎರಡು ತಾಳೆ ಮರ, ನಾಯಿ ಹಿಡಿದುಕೊಂಡು ಹೋಗುತ್ತಿರುವ ಒಬ್ಬಳು ವಿದೇಶಿ ಹೆಂಗಸು. ನಿಜಕ್ಕೂ ನಮ್ಮ ಮನೆ ಮುಂದೆ ಇರುವುದು ಒಂದು ಟ್ರಾನ್ಸ್‌ಫಾರ್ಮರ್. ಆ ಚಿತ್ರದಲ್ಲಿ ತರಿತರಿಯಾಗಿ ಬಳಿಯುವ ಟೆಕ್ಸ್ಚರ್ ಪೇಂಟ್ ಇತ್ತು, ಹಳದಿ ಕಲ್ಲಿತ್ತು, ಮರದ ಥರ ಕಾಣುವ ಶೀಟಿತ್ತು, ಕಪ್ಪು ಪಟ್ಟಿ ಇತ್ತು, ಗ್ಲಾಸಿತ್ತು. ಒಂದೇ ಗೋಡೆಗೆ! ಮನೆಮಂದಿಗೆಲ್ಲ ಅದೇ ಬೇಕಾಯಿತು. 'ನಿಮ್ಮದು ಬರೀ ಸಪ್ಪೆ ಟೇಸ್ಟು' ಅಂದರು.

ಬೆಂಗಳೂರಿನಲ್ಲಿ ವಿಧಾನಸೌಧದ ಮುಂದೆ ನಿಂತು ನೋಡಿ. ಈ ಕಡೆ 1956ರಲ್ಲಿ ಮುಗಿದ ಬೂದು ಕಲ್ಲಿನ ಕಟ್ಟಡ, ಬಣ್ಣದ ಗೊಡವೆಯೇ ಇಲ್ಲ. ಆ ಕಡೆ 1868ರ ಅಠಾರ ಕಚೇರಿ, ಅಂದರೆ ಈಗಿನ ಹೈಕೋರ್ಟ್, ಇಡೀ ಕಟ್ಟಡಕ್ಕೆ ಒಂದೇ ಕೆಂಪು. ಒಬ್ಬರು ಕಲ್ಲು ನಂಬಿದರು, ಇನ್ನೊಬ್ಬರು ಬಣ್ಣ ನಂಬಿದರು. ಸರ್ಕಾರಕ್ಕೇ ಒಂದು ಸಾಕಾಗಿತ್ತು. ನಮ್ಮ 1200 ಚದರ ಅಡಿಗೆ ಐದು ಬೇಕು!

ಇನ್ನು ಈ ಶೇಡ್ ಕಾರ್ಡ್ ಕಂಡುಹಿಡಿದವನು ಸಿಕ್ಕರೆ ನನ್ನ ಗೋಡೆ ಮುಂದೆ ಮಧ್ಯಾಹ್ನ ಒಂದು ಗಂಟೆ ನಿಲ್ಲಿಸುತ್ತೇನೆ. ಅಂಗಡಿಯ ಲೈಟಿನ ಕೆಳಗೆ ಬೆಂಕಿಪೊಟ್ಟಣದಷ್ಟು ಅಗಲದ ಚೌಕ ತೋರಿಸಿ 'ಆರಿಸಿ ಸಾರ್' ಅಂದರೆ ಏನು ಆರಿಸೋದು? ಅಲ್ಲಿ ಅದು ಚೆನ್ನಾಗಿ ಕಾದ ಹಾಲಿನ ಕೆನೆ ಥರ ಇತ್ತು. ಆ ಕೆನೆಯಲ್ಲಿ ಒಂದು ಚೂರು ಕೆಂಪು ಅಡಗಿ ಕೂತಿದ್ದು ಯಾರಿಗೂ ಕಾಣಲಿಲ್ಲ. ಎರಡು ಅಂತಸ್ತಿನ ಗೋಡೆಗೆ ಬಳಿದು, ಮೇಲೆ ಬಿಸಿಲು ಬಿದ್ದಿತು ನೋಡಿ, ಅದೊಂದೇ ಎದ್ದು ನಿಂತಿತು. ನಾವು ಚಿಕ್ಕವರಿದ್ದಾಗ ಅಂಗೈಗೆ ಸುರಿದುಕೊಳ್ಳುತ್ತಿದ್ದ ಗುಲಾಬಿ ಹಲ್ಲುಪುಡಿ ನೆನಪಿದೆಯಾ? ಅದೇ ಬಣ್ಣ. ಒಂದು ಚೂರೂ ಆಚೆ ಈಚೆ ಇಲ್ಲ.

'ಮೊದಲು ಗೋಡೆ ಮೇಲೆ ಎರಡಡಿ ಬಳಿದು ತೋರಿಸಪ್ಪಾ, ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ನೋಡ್ತೀನಿ' ಅಂತ ಪೇಂಟರಿಗೆ ಹೇಳಿದ್ದೆ. ಕೈ ಮುಗಿದು ಹೇಳಿದ್ದೆ. 'ಸುಮ್ನೆ ಒಂದು ಲೀಟರ್ ವೇಸ್ಟ್ ಸಾರ್, ನಮ್ಮನ್ನ ನಂಬಿ' ಅಂದ. ನಂಬಿದೆ. ಮಿಶಿನ್ನಿನಲ್ಲಿ ಬಣ್ಣ ಬೆರೆಸಿದ ಮೇಲೆ ಡಬ್ಬ ವಾಪಸ್ ತಗೊಳ್ಳಲ್ಲ ಅನ್ನೋದನ್ನು ಮಾತ್ರ ಆಮೇಲೆ ಹೇಳಿದ.

ಅದರ ಮೇಲೆ ಗೃಹಪ್ರವೇಶದ ಮುಹೂರ್ತ ಬೇರೆ. ಹೊಸ ಪ್ಲಾಸ್ಟರಿಂಗ್ ನಾಲ್ಕು ವಾರವಾದರೂ ಒಣಗಬೇಕು, ಸಿಮೆಂಟಿನ ಕ್ಷಾರ ತಣಿಯಬೇಕು. ನಮ್ಮ ಗೋಡೆಗೆ ಸಿಕ್ಕಿದ್ದು 12 ದಿನ. ಈಗ ಹಲ್ಲುಪುಡಿ ನಡುವೆ ಅಲ್ಲಲ್ಲಿ ಬಿಳಿ ಉಪ್ಪು ಹೂ ಬಿಟ್ಟಿದೆ. ಸಜ್ಜಾದ ಕೆಳಗೆ ನೀರು ತೊಟ್ಟಿಕ್ಕಿ ಬೀಳಲು ಬೆರಳಗಲದ ಒಂದು ಕಚ್ಚು ಬಿಡಬೇಕಿತ್ತು. ಅದನ್ನೂ ಬಿಟ್ಟಿಲ್ಲ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಪ್ರತಿ ಕಿಟಕಿಯ ಮೇಲಿಂದಲೂ ಕಣ್ಣೀರಿಟ್ಟ ಹಾಗೆ ಕಪ್ಪು ಗೆರೆ.

ಕಲ್ಲಿನ ಕಥೆ ಕೇಳಿದರೆ ನೀವೇ ಅಳುತ್ತೀರಿ. ನಮ್ಮ ತಾತನ ಮನೆಯಲ್ಲಿ ಗೋಡೆ ಕಲ್ಲು, ಮೇಲೆ ಹೊದಿಸಿದ್ದು ಚಪ್ಪಡಿ ಕಲ್ಲು, ಬಟ್ಟೆ ಒಗೆಯೋದೂ ಕಲ್ಲಿನ ಮೇಲೆ. ಅಂಥ ಮನೆಯಿಂದ ಬಂದ ನಾನು, ಎಲ್ಲಿಂದಲೋ ಲಾರಿಯಲ್ಲಿ ಬಂದ ಹಳದಿ ಮರಳುಗಲ್ಲನ್ನು ಬಿಸ್ಕತ್ತಿನ ಥರ ತೆಳ್ಳಗೆ ಕೊಯ್ದು ಗೋಡೆಗೆ ಅಂಟಿಸಲು ಚದರ ಅಡಿಗೆ 140 ರೂಪಾಯಿ ಕೊಟ್ಟೆ. ಹಾಕುವ ಕೂಲಿ ಬೇರೆ. ಮರಳುಗಲ್ಲು ನೀರು ಕುಡಿಯುತ್ತೆ, ಮೇಲೆ ಸೀಲರ್ ಹೊಡೆಯಲೇಬೇಕು ಅಂತ ಅಂಗಡಿಯವನು ಬಾಯಿ ಬಿಡಲಿಲ್ಲ. ಈಗ ಕೆಳಗಿನ ಎರಡು ಸಾಲು ಹಸಿರು.

ಹಾಕಿದ್ದು ಹೇಗೆ ಗೊತ್ತಾ? ಗೋಡೆಗೆ ಆಗಲೇ ಪುಟ್ಟಿ ಬಳಿದಾಗಿತ್ತು. ಅದನ್ನು ಕೆರೆದು, ಪ್ಲಾಸ್ಟರಿಗೆ ಉಳಿಯಿಂದ ಕಚ್ಚು ಹೊಡೆದು, ಆಮೇಲೆ ಕಲ್ಲು ಕೂರಿಸಬೇಕು. ಮೇಸ್ತ್ರಿ ಪುಟ್ಟಿ ಮೇಲೆಯೇ ಪಟಪಟ ಅಂಟಿಸಿ ಮಧ್ಯಾಹ್ನ ಎರಡಕ್ಕೆಲ್ಲ ಊಟಕ್ಕೆ ಹೋದ. ನಾಲ್ಕು ತಿಂಗಳಾಗಿಲ್ಲ, ಒಂದು ರಾತ್ರಿ ದಡ್ ಅಂತ ಸದ್ದು. ಟಾರ್ಚ್ ಹಿಡಿದು ಹೋದರೆ ಸ್ಕೂಟರ್ ಪಕ್ಕದಲ್ಲಿ ಕಲ್ಲು ಬಿದ್ದಿದೆ. ತಿರುಗಿಸಿ ನೋಡಿದೆ. ಹಿಂದೆ ಗಾರೆ ಹಾಗೇ ಇದೆ, ಗಾರೆಗೆ ಹಪ್ಪಳದ ಥರ ಪುಟ್ಟಿಯ ಪದರ ಅಂಟಿಕೊಂಡು ಕಿತ್ತು ಬಂದಿದೆ. ಅದು ಕಲ್ಲಿನ ತಪ್ಪೂ ಅಲ್ಲ, ಸಿಮೆಂಟಿನ ತಪ್ಪೂ ಅಲ್ಲ. ಮೇಸ್ತ್ರಿಗೆ ಫೋನ್ ಮಾಡಿದರೆ 'ಗಾಳಿ ಜಾಸ್ತಿ ಇತ್ತಲ್ವಾ ಸಾರ್' ಅಂದ. ಗಾಳಿಗೆ ಕಲ್ಲು ಬೀಳುತ್ತದಂತೆ!

ಇಲ್ಲಿಯವರೆಗೆ ಐದು ಬಿದ್ದಿವೆ. ತ್ರೀಡಿ ಕಳಿಸಿದ ಭಾವಮೈದುನ ಮೊನ್ನೆ ಬಂದಿದ್ದ. ಗೋಡೆ ನೋಡಿ, 'ನೀವು ಗ್ರೇ ಹಾಕಿಸಬೇಕಿತ್ತು ಭಾವ' ಅಂದ. ನಾನು ಎದ್ದು ಒಳಗೆ ಹೋದೆ, ಇಲ್ಲದಿದ್ದರೆ ಆರನೇ ಕಲ್ಲು ನನ್ನ ಕೈಯಿಂದಲೇ ಬೀಳುತ್ತಿತ್ತು.

ಬಿದ್ದ ಐದರಲ್ಲಿ ಒಂದನ್ನು ನಮ್ಮ ಅಮ್ಮ ಬಚ್ಚಲಿಗೆ ಒಯ್ದಿದ್ದಾರೆ, ಹಿಮ್ಮಡಿ ಉಜ್ಜೋಕೆ. ತುಂಬಾ ಚೆನ್ನಾಗಿದೆಯಂತೆ. ಇನ್ನೊಂದು ಬಿದ್ದರೆ ಪಕ್ಕದ ಮನೆಯವರೂ ಕೇಳಿದ್ದಾರಂತೆ.