ಒಣಗಿ ಉದುರಬೇಕಿದ್ದ ಪ್ರಭುತ್ವಕ್ಕೆ ನಾರಿಮನ್ ಪಾಯಿಂಟಿನಲ್ಲಿ ಜಾಗ

ಏರ್ ಇಂಡಿಯಾ ಕಟ್ಟಡದ ಕಥೆ ನಿಮಗೆ ಗೊತ್ತೇ ಇದೆ. ವಿಮಾನ ಹಾರಿಸುವುದು ಸರ್ಕಾರದ ಕೆಲಸವಲ್ಲ ಎಂಬ ಜ್ಞಾನೋದಯವಾಗಿ, ಕೇಂದ್ರ 2022ರ ಜನವರಿಯಲ್ಲಿ ಕಂಪನಿಯನ್ನು ಟಾಟಾಗಳಿಗೆ ಒಪ್ಪಿಸಿ ಕೈ ತೊಳೆದುಕೊಂಡಿತು. 1953ರಲ್ಲಿ ಕಿತ್ತುಕೊಂಡದ್ದೂ ಅವರಿಂದಲೇ, ಇರಲಿ. ಉಳಿದದ್ದು ಮುಂಬಯಿಯ ನಾರಿಮನ್ ಪಾಯಿಂಟಿನ 23 ಮಹಡಿಯ ಕಟ್ಟಡ. ಅದನ್ನು 1,601 ಕೋಟಿಗೆ ಕೊಳ್ಳಲು 2024ರಲ್ಲಿ ಒಪ್ಪಿಗೆ ಪಡೆದ ಪುಣ್ಯಾತ್ಮರು ಯಾರು? ಮಹಾರಾಷ್ಟ್ರ ಸರ್ಕಾರ! ಮಂತ್ರಾಲಯದಲ್ಲಿ, ಅಂದರೆ ಅವರ ಸಚಿವಾಲಯದಲ್ಲಿ, ಜಾಗ ಸಾಲುತ್ತಿಲ್ಲವಂತೆ. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಲಿ.

ಪಾಪ ಎಂಗೆಲ್ಸ್, ಮಾರ್ಕ್ಸ್‌ನ ಜೊತೆಗಾರ. ವರ್ಗಗಳು ಅಳಿದ ಮೇಲೆ ಪ್ರಭುತ್ವವನ್ನು ಯಾರೂ ರದ್ದು ಮಾಡಬೇಕಿಲ್ಲ, ತಾನೇ ಒಣಗಿ ಉದುರುತ್ತದೆ ಎಂದು 1878ರಲ್ಲೇ ಬರೆದಿದ್ದರು. ಕಾರ್ಮಿಕರ ಹೆಸರಲ್ಲಿ ಕುರ್ಚಿ ಹಿಡಿದವರೂ ಏಳುವುದಿಲ್ಲ ಎಂದು ಗೊಣಗುತ್ತಿದ್ದ ಅರಾಜಕತಾವಾದಿ ಬಕೂನಿನ್‌ನನ್ನು ಅದಕ್ಕೂ ಮೊದಲೇ, ಕಾರ್ಮಿಕರ ಅಂತರರಾಷ್ಟ್ರೀಯ ಸಂಘದ 1872ರ ಹೇಗ್ ಸಮಾವೇಶದಲ್ಲಿ, ಹೊರಗೆ ಹಾಕಿಯಾಗಿತ್ತು. ಆಮೇಲೆ ಸ್ಟಾಲಿನ್ ಬಂದು, ಉದುರಬೇಕಾದರೆ ಮೊದಲು ಚೆನ್ನಾಗಿ ಬಲಿಯಬೇಕು ಎಂದ. ಈ ಒಂದು ಮಾತನ್ನು ಮಾತ್ರ ಎಡ ಬಲ ಎನ್ನದೆ ಜಗತ್ತಿನ ಎಲ್ಲ ಸರ್ಕಾರಗಳೂ ಶ್ರದ್ಧೆಯಿಂದ ಪಾಲಿಸುತ್ತಿವೆ.

ಲೆನಿನ್ 1917ರಲ್ಲಿ ಇನ್ನೊಂದು ಮಾತು ಹೇಳಿದ್ದ: ಅಡುಗೆಯವಳು ನಾಳೆ ಬೆಳಗ್ಗೆಯೇ ಆಡಳಿತ ನಡೆಸಲಾರಳು, ಆದರೆ ಅವಳಿಗೂ ಅದನ್ನು ಕಲಿಸಬೇಕು. ನಮ್ಮ ಮಾಟುಂಗಾದ ಉಡುಪಿ ಹೋಟೆಲಿನವರಿಗೆ ಆ ಪಾಠದ ಅಗತ್ಯವಿಲ್ಲ. ಗಲ್ಲಾದ ಹಿಂದಿನ ಗೋಡೆ ನೋಡಿ: ಗುಮಾಸ್ತಾ ಲೈಸೆನ್ಸ್, ಆಹಾರ ಲೈಸೆನ್ಸ್, ಫೈರ್ ಬ್ರಿಗೇಡಿನ ಎನ್‌ಒಸಿ, ಎಲ್ಲಕ್ಕೂ ಫ್ರೇಮು. ಕೃಷ್ಣನಿಗೆ ಮೂಲೆಯಲ್ಲಿ ಒಂದು ಗೇಣು ಜಾಗ. ಯಾವ ಸಾಹೇಬರು ಯಾವ ತಿಂಗಳು ಬರುತ್ತಾರೆ, ಯಾರಿಗೆ ಬರೀ ಕಾಫಿ ಸಾಕು, ಯಾರಿಗೆ ಮಸಾಲೆ ದೋಸೆಯ ಜೊತೆ ಕವರೂ ಬೇಕು ಎಂಬ ಆಡಳಿತಶಾಸ್ತ್ರವೆಲ್ಲ ಭಟ್ಟರಿಗೆ ಕಂಠಪಾಠ. ಲೆನಿನ್ ಒಮ್ಮೆ ಇಲ್ಲಿ ಬಂದು ತಿಂಡಿ ತಿನ್ನಬೇಕಿತ್ತು.

ಸಮಾಜವಾದವಂತೂ ನಮ್ಮಲ್ಲಿ ಕಡ್ಡಾಯ. ನಂಬಿಕೆಯಿಲ್ಲವೇ? ಜನಪ್ರಾತಿನಿಧ್ಯ ಕಾಯ್ದೆಯ 29ಎ ಸೆಕ್ಷನ್ ಓದಿ. ಪಕ್ಷ ನೋಂದಾಯಿಸಬೇಕಾದರೆ ಸಮಾಜವಾದಕ್ಕೆ ನಿಷ್ಠೆ ಬರೆದುಕೊಡಬೇಕು. ಸೆನ್ಸೆಕ್ಸ್ ಏರಿದರೆ ಲಾಡು ಹಂಚುವವರೂ ಬರೆದುಕೊಟ್ಟಿದ್ದಾರೆ. ಅದೇ ನಿಷ್ಠಾವಂತರು 2025ರ ಜುಲೈಯಲ್ಲಿ ಎಡಪಂಥೀಯ ಉಗ್ರವಾದ ತಡೆಯಲೆಂದು ಮಹಾರಾಷ್ಟ್ರದ ವಿಧಾನಸಭೆಯಲ್ಲಿ ಹೊಸ ಮಸೂದೆ ಪಾಸು ಮಾಡಿಸಿದರು. ಆ ಸೆಕ್ಷನ್ನಿಗೆ ನಗು ಬಂದಿರಬೇಕು.

ನಗು ಇಲ್ಲಿಗೆ ಸಾಕು. ನಮ್ಮ ಡೊಂಬಿವಿಲಿಯ ರೇಷನ್ ಅಂಗಡಿಗೆ ಬರುವ ಅಜ್ಜಿಯೊಬ್ಬರು ವಿಜಯಪುರದ ಕಡೆಯವರು. ನಾಲ್ಕು ಮನೆಯ ಮುಸುರೆ ತಿಕ್ಕಿ ತಿಕ್ಕಿ ಬೆರಳ ಗೆರೆಯೇ ಸವೆದಿದೆ. ಅಂಗಡಿಯವನು "ಆಜೀ, ಅಂಗಠಾ ಲಾವಾ" ಅನ್ನುತ್ತಾನೆ. ಅಜ್ಜಿ ಸೆರಗಿಗೆ ಬೆರಳು ಒರೆಸಿ ಒತ್ತುತ್ತಾರೆ. ಬೆರಳಚ್ಚು ನೋಡುವ ಮಷಿನ್ ಕೆಂಪು. ಆ ಬೆರಳು, ಈ ಬೆರಳು, ಎಡಗೈ, ಮತ್ತೆ ಕೆಂಪು. "ನಾಳಿಗಿ ಬರ್ಲೇನಪ್ಪಾ?" ಎಂದು ನಮ್ಮ ಭಾಷೆಯಲ್ಲೇ ಕೇಳುತ್ತಾರೆ, ಅವನಿಗೆ ಅರ್ಥವಾಗುವುದಿಲ್ಲ. ತಲೆಗೆ ತಿಂಗಳಿಗೆ ಐದು ಕಿಲೋ ಧಾನ್ಯ 2013ರ ಕಾಯ್ದೆ ಕೊಟ್ಟ ಹಕ್ಕು ಸ್ವಾಮಿ, ಯಾರಪ್ಪನ ದಾನವೂ ಅಲ್ಲ. ಸಮುದ್ರ ಕಾಣುವ ಕಟ್ಟಡಕ್ಕೆ ಸಾವಿರದಾರುನೂರು ಕೋಟಿ ಹೊಂದಿಸುವವರಿಗೆ, ಕಣ್ಣೆದುರು ನಿಂತ ಮುದುಕಿಯ ಮುಖ ನೋಡಿ ಒಂದು ರಿಜಿಸ್ಟರಿನಲ್ಲಿ ಬರೆದುಕೊಂಡು ಅಕ್ಕಿ ಅಳೆಯುವುದಕ್ಕೆ ಏನು ರೋಗ?