ಮಾರಿ ನೋಡಿ ಹೋಗಲು ಬಂದವರು

ಕಳೆದ ಚಳಿಗಾಲದಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಒಂದು ಮನೆಯವರು ನನ್ನನ್ನು ಬಾಗಿಲಿಂದಲೇ ವಾಪಸ್ ಕಳಿಸಿದರು. ಊಟಕ್ಕೆ ಕರೆದವರೇ ಕಳಿಸಿದರು. ಮೆಟ್ಟಿಲು ಹತ್ತುವಾಗ ಕೆಮ್ಮಿದ್ದು ಒಳಗೆ ಕೇಳಿಸಿತ್ತು ಅನ್ನಿಸುತ್ತೆ. ನನ್ನ ಜೊತೆ ಕೆಲಸ ಮಾಡುವ ಗೆಳೆಯ ಬಾಗಿಲು ಅರ್ಧ ತೆಗೆದು, ನಗುತ್ತಲೇ, ಜ್ವರ ಇದೆಯಾ ಅಂತ ಕೇಳಿದ. ಬೆಳಿಗ್ಗೆ ಇತ್ತು, ಮಾತ್ರೆ ತಗೊಂಡೆ, ಈಗ ಪರವಾಗಿಲ್ಲ ಅಂದೆ. ಹಾಗಾದ್ರೆ ಮುಂದಿನ ವಾರ ಊಟ ಮಾಡೋಣ ಅಂದ. ಅವನ ಹೆಂಡತಿ ಒಂದು ಡಬ್ಬಿಗೆ ಊಟ ತುಂಬಿ ತಂದು, ಹೊಸ್ತಿಲಾಚೆ ನೆಲದ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ಕೈ ಬೀಸಿದಳು. ಹೊಸ್ತಿಲಾಚೆ ಊಟ ಇಡೋದು ಅಂದ್ರೆ ಏನು ಅಂತ ವಿಜಯಪುರದವನಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅವರಿಗೆ ಅದರ ಕಲ್ಪನೆಯೂ ಇರಲಿಲ್ಲ, ಗೊತ್ತು. ಆದರೂ ಟ್ರಾಮಿನಲ್ಲಿ ಆ ಡಬ್ಬಿ ಹಿಡಿದು ಕೂತಾಗ ಮೈಯೆಲ್ಲ ಉರಿಯುತ್ತಿತ್ತು. ಅದರಲ್ಲಿ ಜ್ವರದ ಪಾಲು ಎಷ್ಟು, ಅವಮಾನದ ಪಾಲು ಎಷ್ಟು ಹೇಳಲಾರೆ.

ಆ ಸಿಟ್ಟು ಇಳಿದದ್ದು ನಮ್ಮೂರಲ್ಲೇ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಅಂತ ರಜೆ ಹಾಕಿ ಬಂದಿದ್ದೆ. ಬರುವಷ್ಟರಲ್ಲಿ ಅಪ್ಪ ಮಲಗಿಬಿಟ್ಟಿದ್ದರು. ಫ್ಲೂ ಅಂತ ಡಾಕ್ಟರು ಹೇಳಿದ್ದರು. ಅಪ್ಪನಿಗೆ ಆರಾಮಿಲ್ಲ ಅನ್ನೋ ಸುದ್ದಿ ಓಣಿ ದಾಟಿ ಸ್ಟೇಷನ್ ರಸ್ತೆ ಮುಟ್ಟೋದಕ್ಕೆ ಮಧ್ಯಾಹ್ನದವರೆಗೂ ಬೇಕಾಗಲಿಲ್ಲ. "ಮಾರಿ ನೋಡಿ ಹೋದ್ರಾತು ಅಂತ ಬಂದ್ವಿರಿ" ಅಂತ ಶುರುವಾಯಿತು. ಮಾರಿ ಅಂದ್ರೆ ನಮ್ಮ ಕಡೆ ಮುಖ. ಬ್ರೆಡ್ಡು, ಬಾಳೆಹಣ್ಣು, ಗ್ಲೂಕೋಸ್ ಡಬ್ಬಿ. ಬಂದವರೆಲ್ಲ ಮಂಚದ ತುದಿಯಲ್ಲೇ ಕೂರಬೇಕು, ಅಪ್ಪನ ಹಣೆ ಮುಟ್ಟಲೇಬೇಕು. ದೂರದ ಕುರ್ಚಿಯಲ್ಲಿ ಕೂತರೆ ಅದು ಮಾತಾಡಿಸಿದ ಹಾಗೆ ಅಲ್ಲವಲ್ಲ! ಕಿಟಕಿ ಹಾಕಿತ್ತು, ಥಂಡಿ ಗಾಳಿ ಬಡಿಯುತ್ತೆ ಅಂತ. ಅದೇ ಕೋಣೆಯ ಮೂಲೆಯಲ್ಲಿ ಎಂಬತ್ತು ದಾಟಿದ ಅಜ್ಜಿ. ಅಕ್ಕ ಚಹಾ ಮಾಡಿ ಮಾಡಿ ಸುಸ್ತಾಗಿದ್ದಳು. ಆ ಕಪ್ಪುಗಳನ್ನು ಒಂದೇ ಬಕೆಟ್ಟಿನ ನೀರಲ್ಲಿ ಅದ್ದಿ ಮತ್ತೆ ಒಳಗೆ ಒಯ್ಯುತ್ತಿದ್ದಳು.

ಇಷ್ಟು ಮಂದಿ ಒಮ್ಮೆಗೇ ಬರಬೇಡಿ ಅಂತ ನಾನು ಮೆಲ್ಲಗೆ ಹೇಳಿ ನೋಡಿದೆ. "ಏನೂ ಆಗೂದಿಲ್ಲ ತಗೋ, ನಾವೇನ್ ನಿನ್ನಂಗ ಹೊರದೇಶದವ್ರಲ್ಲ" ಅಂತ ಉತ್ತರ ಬಂತು. ವಾರದೊಳಗೆ ಅಕ್ಕನ ಇಬ್ಬರು ಮಕ್ಕಳು, ಅಜ್ಜಿ, ಪಕ್ಕದ ಮನೆಯ ಮಾಸ್ತರು ಎಲ್ಲರೂ ಮಲಗಿದರು. ಕಾರಣ ಏನಂತೆ? ಹವಾ ಬದಲಾಗಿದೆ. ಜಾತ್ರೆಯಲ್ಲಿ ಕಬ್ಬಿನ ಹಾಲು ಕುಡಿದರು. ಅಜ್ಜಿ ತಲೆಗೆ ನೀರು ಹಾಕಿಕೊಂಡಳು. ಮಂಚದ ಸುತ್ತ ಕೂತು ಹೋದ ಮಂದಿಯ ಮೇಲೆ ಮಾತ್ರ ಯಾರಿಗೂ ಅನುಮಾನ ಬರಲಿಲ್ಲ.

ಫ್ಲೂ ಹೇಗೆ ಹರಡುತ್ತೆ ಅನ್ನೋದರಲ್ಲಿ ಈಗ ಗುಟ್ಟೇನೂ ಇಲ್ಲ. ಕೆಮ್ಮಿದಾಗ, ಸೀನಿದಾಗ, ಸುಮ್ನೆ ಮಾತಾಡಿದಾಗಲೂ ಬಾಯಿಂದ ಹನಿಗಳು ಹಾರುತ್ತವೆ. ದೊಡ್ಡವು ಹತ್ತಿರದಲ್ಲೇ ಬೀಳುತ್ತವೆ, ಸಣ್ಣವು ಮುಚ್ಚಿದ ಕೋಣೆಯ ಗಾಳಿಯಲ್ಲಿ ತೇಲುತ್ತಿರುತ್ತವೆ. ಕೈಗೆ ಅಂಟಿದ್ದು ಅದೇ ಕೈಯಿಂದ ಮೂಗು, ಕಣ್ಣು ಮುಟ್ಟಿಕೊಂಡಾಗ ಒಳಗೆ ಹೋಗುತ್ತೆ. ಒಂದರಿಂದ ನಾಲ್ಕು ದಿನದೊಳಗೆ ಜ್ವರ ಕಾಣಿಸಿಕೊಳ್ಳುತ್ತೆ. ಜ್ವರ ಬರೋ ಹಿಂದಿನ ದಿನದಿಂದ ಹಿಡಿದು, ಬಂದ ಮೇಲೆ ಐದರಿಂದ ಏಳು ದಿನದವರೆಗೂ ರೋಗಿ ಬೇರೆಯವರಿಗೆ ಅಂಟಿಸಬಲ್ಲ. ಅದರಲ್ಲೂ ಮೊದಲ ಮೂರ್ನಾಲ್ಕು ದಿನ ಜಾಸ್ತಿ. ನಮ್ಮ ಮಂದಿ ಮಾರಿ ನೋಡೋಕೆ ಬರೋದೂ ಸರಿಯಾಗಿ ಆ ಮೂರ್ನಾಲ್ಕು ದಿನದಲ್ಲೇ. ತಡವಾಗಿ ಬಂದರೆ "ಈಗ ನೆನಪಾತೇನ್" ಅನ್ನಿಸಿಕೊಳ್ಳಬೇಕಲ್ಲ. ಇನ್ನು ನಮ್ಮ ದೇಶದಲ್ಲಿ ಫ್ಲೂ ವರ್ಷಕ್ಕೆ ಎರಡು ಸಲ ಏರುತ್ತೆ, ಮಳೆಗಾಲದ ಕೊನೆಗೊಮ್ಮೆ, ಜನವರಿಯಿಂದ ಮಾರ್ಚ್ ತನಕ ಇನ್ನೊಮ್ಮೆ. ಜಾತ್ರೆ ಬರೋದೂ ಜನವರಿಯಲ್ಲೇ.

ನನಗೆ ಸಿಟ್ಟು ಬರೋದು ಎಲ್ಲಿ ಅಂದ್ರೆ, ನಮ್ಮವರಿಗೆ ಇದೆಲ್ಲ ಗೊತ್ತಿಲ್ಲ ಅಂತ ಅಲ್ಲ. ಚೆನ್ನಾಗಿ ಗೊತ್ತು. ಮನೆಯಲ್ಲಿ ಅಮ್ಮ ಬಂದಾಗ ನೋಡಿ. ಬಾಗಿಲಿಗೆ ಬೇವಿನ ತೊಪ್ಪಲು. ಹೊರಗಿನವರು ಒಳಗೆ ಬರೋ ಹಾಗಿಲ್ಲ, ಒಳಗಿನವರು ಬೇರೆಯವರ ಮನೆಗೆ, ಮದುವೆಗೆ ಹೋಗೋ ಹಾಗಿಲ್ಲ. ಮಗುವಿಗೆ ಬೇರೆ ಚಾಪೆ, ಬೇರೆ ತಾಟು. ಗುಳ್ಳೆ ಒಣಗಿ ಹೊಪ್ಪಳಿಕೆ ಕಟ್ಟಿ, ನೀರು ಹಾಕೋ ತನಕ ಇದೇ ನೇಮ. ಚಿಕನ್‌ಪಾಕ್ಸ್ ಬಂದ ಮಗುವನ್ನು ಎಲ್ಲ ಗುಳ್ಳೆಗಳೂ ಹೊಪ್ಪಳಿಕೆ ಕಟ್ಟುವವರೆಗೆ ಶಾಲೆಗೆ ಕಳಿಸಬೇಡಿ ಅಂತ ಡಾಕ್ಟರುಗಳು ಹೇಳೋದೂ ಅದನ್ನೇ. ನಮ್ಮಜ್ಜಿ ಒಂದು ದಿನವೂ ಶಾಲೆಗೆ ಹೋದವಳಲ್ಲ, ಆ ವಿಷಯದಲ್ಲಿ ಯಾವ ಡಾಕ್ಟರಿಗೂ ಕಡಿಮೆ ಇಲ್ಲ. ಅದೇ ಅಜ್ಜಿ ಫ್ಲೂ ಬಂದ ಮಗನ ಪಕ್ಕ ಕೂತು ಅವನ ಲೋಟದಲ್ಲೇ ಉಳಿದ ಗಂಜಿ ಕುಡಿಯುತ್ತಾಳೆ. ದೇವರ ಭಯ ಇದ್ದ ಕಡೆ ಶಿಸ್ತು, ಇಲ್ಲದ ಕಡೆ ಸಲುಗೆ.

ಇನ್ನೂ ತಮಾಷೆ ಇದೆ. ಎದುರು ಮನೆಯ ಹುಡುಗನಿಗೆ ಒಮ್ಮೆ ಡೆಂಗಿ ಆಗಿತ್ತು. ಆಗ ಮಾತ್ರ ನಮ್ಮ ಓಣಿಯವರು ಹೊಸ್ತಿಲ ಮೇಲೇ ನಿಂತು ಮಾತಾಡಿಸಿದರು! ಡೆಂಗಿ ಮುಟ್ಟಿದರೆ ಬರಲ್ಲ, ಕೆಮ್ಮಿದರೂ ಬರಲ್ಲ. ಈಡಿಸ್ ಈಜಿಪ್ಟೈ ಅನ್ನೋ, ಕಾಲಿನ ಮೇಲೆ ಬಿಳಿ ಪಟ್ಟೆ ಇರೋ ಸೊಳ್ಳೆ ಬೇಕು. ಅದು ಹಗಲೇ ಕಚ್ಚುತ್ತೆ. ಮೊಟ್ಟೆ ಇಡೋದು ಗಟಾರದಲ್ಲಿ ಅಲ್ಲ, ಮನೆಯಲ್ಲಿ ತುಂಬಿಟ್ಟ ನೀರಿನಲ್ಲಿ. ನಮ್ಮ ಕಡೆ ನಳ ಯಾವಾಗ ಬರುತ್ತೋ ಅಂತ ಬ್ಯಾರಲ್, ಹರವಿ, ಟಾಕಿ ಎಲ್ಲ ತುಂಬಿಡೋದು ಅನಿವಾರ್ಯ, ಅದಕ್ಕೆ ಯಾರನ್ನೂ ಬೈಯಲಾರೆ. ಆದರೆ ಬ್ಯಾರಲ್ಲಿಗೆ ಒಂದು ಮುಚ್ಚಳ, ವಾರಕ್ಕೊಮ್ಮೆ ಖಾಲಿ ಮಾಡಿ ತಿಕ್ಕೋದು, ಇಷ್ಟು ಮಾಡಬಹುದಲ್ವಾ? 2006ರ ಚಿಕೂನ್‌ಗುನ್ಯಾ ನಮ್ಮ ಜಿಲ್ಲೆಯ ಮಂದಿಯ ಕೀಲು ಕೀಲು ಹಿಡಿದದ್ದು ಇದೇ ಸೊಳ್ಳೆಯಿಂದ. ಹೊಸ್ತಿಲ ಮೇಲೆ ನಿಂತು ಮೂಗಿಗೆ ಸೆರಗು ಹಿಡಿದಿದ್ದ ಹೆಂಗಸಿನ ಹಿತ್ತಲಲ್ಲೇ ಮುಚ್ಚಳ ಇಲ್ಲದ ಎರಡು ಬ್ಯಾರಲ್ ಇದ್ದವು.

ಶಾಲೆಗಳ ಮಾತು ಬೇರೆಯೇ. ಅಕ್ಕನ ಮಗಳಿಗೆ ನೂರಕ್ಕೆ ನೂರು ಹಾಜರಾತಿ ಅಂತ ಗ್ಯಾದರಿಂಗಿನಲ್ಲಿ ಬಹುಮಾನ ಕೊಟ್ಟಿದ್ದಾರೆ, ಶೋಕೇಸಿನಲ್ಲಿದೆ. ಕಣ್ಣು ಬ್ಯಾನಿ ಇದ್ದಾಗ ಕಪ್ಪು ಕನ್ನಡಕ ಹಾಕಿಸಿ ಕಳಿಸಿದ ವರ್ಷವೂ ಅದೇ. ನೋಡಿದರೆ ಬರುತ್ತೆ ಅಂತ ನಂಬಿಕೆ, ಹಾಗಾಗಿ ಕನ್ನಡಕ ಹಾಕಿದರೆ ಮುಗೀತು. ಅದು ಬರೋದು ಕಣ್ಣು ಒರೆಸಿದ ಕೈಯಿಂದ, ಟವೆಲ್ಲಿನಿಂದ, ಪೆನ್ಸಿಲ್ಲಿನಿಂದ. ದಡಾರ, ನಮ್ಮ ಕಡೆ ಗೊಬ್ಬರ ಅಂತಾರಲ್ಲ, ಅದಂತೂ ರೋಗಿ ಎದ್ದು ಹೋದ ಮೇಲೂ ಎರಡು ತಾಸಿನವರೆಗೆ ಕೋಣೆಯ ಗಾಳಿಯಲ್ಲಿ ಇರಬಲ್ಲದು. ಲಸಿಕೆ ಹಾಕಿಸದ ಮಗು ಅಲ್ಲಿ ಕೂತರೆ ಸಾಕು. ಇಂಥ ಕಾಲದಲ್ಲಿ ಜ್ವರ ಇದ್ದರೂ ಶಾಲೆಗೆ ಬಂದ ಮಗುವಿಗೆ ಕಪ್ ಕೊಡೋದು!

ಸ್ವೀಡನ್ನಿನಲ್ಲಿ ವಾಂತಿ-ಭೇದಿ ಆದ ಮಗುವನ್ನು, ಕೊನೆಯ ವಾಂತಿಯಾಗಿ 48 ತಾಸು ಕಳೆಯದೆ ಬಾಲವಾಡಿಗೆ ತರಬೇಡಿ ಅಂತ ಹೇಳಿಬಿಡುತ್ತಾರೆ. ಚಳಿಗಾಲದಲ್ಲಿ ಅಲ್ಲಿ ನೊರೊವೈರಸ್ ಕಾಟ ಜಾಸ್ತಿ. ಅದಕ್ಕೆ ಕೈಗೆ ಹಚ್ಚೋ ಸ್ಯಾನಿಟೈಸರ್ ಅಷ್ಟಾಗಿ ನಡೆಯಲ್ಲ, ಸೋಪು ನೀರೇ ಬೇಕು. ಮಗು ಮನೆಯಲ್ಲಿದ್ದರೆ ತಾಯಿಯೋ ತಂದೆಯೋ ಕೆಲಸಕ್ಕೆ ಹೋಗಲ್ಲ. ಮಗುವಿಗೆ ಹನ್ನೆರಡು ವರ್ಷ ಆಗೋ ತನಕ, ಒಂದು ಮಗುವಿಗೆ ವರ್ಷಕ್ಕೆ 120 ದಿನದವರೆಗೆ, ಸಂಬಳದ ಹತ್ತಿರ ಹತ್ತಿರ 80 ಪರ್ಸೆಂಟ್ ಸರ್ಕಾರವೇ ಕೊಡುತ್ತೆ. ನಮಗೇ ಜ್ವರ ಬಂದರೆ ಮೊದಲ ಏಳು ದಿನ ಡಾಕ್ಟರ ಚೀಟಿಯೂ ಬೇಡ. ಶುರುವಿನಲ್ಲಿ ಸ್ವಲ್ಪ ಸಂಬಳ ಕಡಿಯುತ್ತಾರೆ, ಅಷ್ಟೇ.

ಇಲ್ಲಿ ನನ್ನ ಅಕ್ಕ ಒಂದು ಮಾತು ಹೇಳಿದಳು, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಎಪಿಎಂಸಿಯಲ್ಲಿ ಚೀಲ ಹೊರೋ ಹಮಾಲ ಏಳು ದಿನ ಮಲಗಿದರೆ ಅವನ ಮನೆಯಲ್ಲಿ ಒಲೆ ಯಾರು ಹಚ್ಚುತ್ತಾರೆ? ದ್ರಾಕ್ಷಿ ತೋಟಕ್ಕೆ ಕೂಲಿ ಹೋಗೋಳು ಮಗುವಿಗೆ ಜ್ವರ ಅಂತ ಕೂತರೆ ಸಂಜೆಗೆ ಕಾಸು ಎಲ್ಲಿಂದ? ಅವರು ಕೆಮ್ಮುತ್ತಲೇ ಹೋಗಬೇಕು, ಮಗುವನ್ನು ಶಾಲೆಗೆ ಬಿಟ್ಟೇ ಹೋಗಬೇಕು. ಶಾಲೆಯಲ್ಲಿ ಮಧ್ಯಾಹ್ನದ ಊಟವಾದರೂ ಸಿಗುತ್ತೆ. ಅವರಿಗೆ ಗೋಥೆನ್‌ಬರ್ಗಿನ ಪಾಠ ಹೇಳೋ ಮುಖ ನನಗಿಲ್ಲ. ಆದರೆ ನಮ್ಮಪ್ಪನ ಮಂಚದ ಸುತ್ತ ಕೂತವರು ಹಮಾಲರಲ್ಲ. ಪೆನ್ಷನ್ ಬರೋರು, ಅಂಗಡಿ ಇರೋರು. ಬರದಿದ್ದರೂ ಯಾರ ಒಲೆಯೂ ಆರುತ್ತಿರಲಿಲ್ಲ.

ಇನ್ನೊಂದನ್ನೂ ಹೇಳಬೇಕು, ಹೇಳೋಕೆ ಮನಸ್ಸಿಲ್ಲ. ಮೊದಲ ವರ್ಷ ಅಲ್ಲಿ ನನಗೆ ಜೋರು ಫ್ಲೂ ಬಂದಿತ್ತು. ಸಹಾಯವಾಣಿಗೆ ಫೋನ್ ಮಾಡಿದೆ. ಪ್ಯಾರಾಸಿಟಮಾಲ್ ತಗೊಳ್ಳಿ, ನೀರು ಕುಡೀರಿ, ಮಲಗಿ, ಉಸಿರಾಟಕ್ಕೆ ತೊಂದರೆ ಆದರೆ ಮತ್ತೆ ಮಾಡಿ ಅಂತ ನರ್ಸ್ ಹೇಳಿದಳು. ಸರಿಯಾಗೇ ಹೇಳಿದಳು, ಹೆಚ್ಚಿನವರಿಗೆ ಬೇಕಾಗೋದು ಅಷ್ಟೇ. ಆಮೇಲೆ ವಾರ ಪೂರ್ತಿ ಬಾಗಿಲು ಯಾರೂ ತಟ್ಟಲಿಲ್ಲ. ನಮ್ಮ ಕಟ್ಟಡದಲ್ಲಿ ಯಾರಿಗೂ ನನ್ನಿಂದ ಅಂಟಲಿಲ್ಲ, ನಾನು ಇದ್ದೇನೋ ಸತ್ತೇನೋ ಅನ್ನೋದೂ ಯಾರಿಗೂ ಗೊತ್ತಾಗಲಿಲ್ಲ. ಜ್ವರದಲ್ಲಿ ಎದ್ದು ಅನ್ನಕ್ಕಿಟ್ಟು, ಬೇಯೋ ತನಕ ನಿಲ್ಲಲಾರದೆ ಅಡುಗೆಮನೆಯ ನೆಲದ ಮೇಲೆ ಕೂತಿದ್ದೆ. ಅಂಥ ವಾರದಲ್ಲಿ ಬ್ರೆಡ್ಡು-ಬಾಳೆಹಣ್ಣಿನ ಮಂದಿ ಬಂದಿದ್ದರೆ ಬೇಡ ಅಂತಿದ್ದೆನಾ? ಇಲ್ಲ. ಹಣೆ ಮುಟ್ಟಿಸಿಕೊಳ್ಳುತ್ತಿದ್ದೆ.

ಹಾಗಂತ ನನ್ನ ತಕರಾರು ಬಿಟ್ಟಿಲ್ಲ. ಮುಂದಿನ ಸಲ ಅಪ್ಪ ಮಲಗಿದರೆ ಗಂಜಿ ಬರಲಿ, ಡಬ್ಬಿ ಬರಲಿ, ದಿನಕ್ಕೆ ಹತ್ತು ಫೋನ್ ಬರಲಿ. ಕಿಟಕಿ ತೆಗೆದಿರಲಿ. ಅಪ್ಪನಿಗೂ ಅಜ್ಜಿಗೂ ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸೋಣ. ಮಂದಿ ಮಾತ್ರ ಒಂದು ವಾರ ಬಿಟ್ಟು ಬರಲಿ. ಇದನ್ನು ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ಲಸಿಕೆಗೆ ಹ್ಞೂಂ ಅಂದಳು, ಕಿಟಕಿಗೆ ನೋಡೋಣ ಅಂದಳು. ಮಂದಿಯ ಮಾತು ಬಂದಾಗ ಮಾತ್ರ ಸಿಡುಕಿದಳು: "ವಾರ ಬಿಟ್ಟ ಬಂದ್ರ ಅಪ್ಪ ಆರಾಮ ಆಗಿ ಗಾಂಧಿ ಚೌಕಿಗೆ ಹೋಗಿರ್ತಾರ. ಬಂದವ್ರು ಯಾರ ಮಾರಿ ನೋಡಬೇಕು, ನಂದಾ?"